ಹೇಸ್ಟಿಂಗ್ಸ್‌ನ ಒಂದು ಆಟ: ಸುಲ್ತಾನ್ ಖಾನ್ ಮತ್ತು ‘ಇಂಡಿಯನ್’ ಎಂಬ ಹೆಸರು

ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿರುವ ಹೇಸ್ಟಿಂಗ್ಸ್ ಪಟ್ಟಣದಲ್ಲಿ ಪ್ರತಿವರ್ಷ ಕ್ರಿಸ್‌ಮಸ್ ಮುಗಿದ ಕೂಡಲೆ ಚದುರಂಗದ ಪಂದ್ಯಾವಳಿ ನಡೆಯುವುದು ಹಳೆಯ ವಾಡಿಕೆ. 1930ರ ಡಿಸೆಂಬರಿನ ಕೊನೆಯಲ್ಲಿ ಆರಂಭವಾಗಿ 1931ರ ಜನವರಿಯಲ್ಲಿ ಮುಗಿದ ಪಂದ್ಯಾವಳಿಯಲ್ಲಿ ಹಾಲೆಂಡಿನ ಮ್ಯಾಕ್ಸ್ ಯೂವೆ ಮೊದಲಿಗರಾದರು. ಕ್ಯೂಬಾದ ಹೋಸೆ ರೌಲ್ ಕಾಪಾಬ್ಲಾಂಕಾ ಎರಡನೆಯವರು. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಮೂರನೆಯವರು. ಮೂವರ ನಡುವಿನ ಅಂತರ ಅರ್ಧರ್ಧ ಅಂಕ ಮಾತ್ರ. ಕಾಪಾಬ್ಲಾಂಕಾ ಅಲ್ಲಿ ಸೋತದ್ದು ಒಂದೇ ಆಟ, ಅದು ಸುಲ್ತಾನ್ ಖಾನರ ಕೈಯಲ್ಲಿ. ಬಿಳಿಯ ಕಾಯಿಗಳೊಡನೆ ಆಡಿದ ಸುಲ್ತಾನ್ ಖಾನ್ 65 ನಡೆಗಳಲ್ಲಿ ಗೆದ್ದರು.

ಈ ಆಟದ ಬಗೆಗೆ ಬರೆದವರು ಬಹುಮಂದಿ. ಆದರೆ ಬರೆದುದರಲ್ಲಿ ಬಹುಪಾಲು ಒಂದೇ ಕಥೆಯ ಪುನರುಕ್ತಿ: ಅಕ್ಷರವರಿಯದ ಒಬ್ಬ ಊಳಿಗದವನು, ಪುಸ್ತಕವನ್ನು ಮುಟ್ಟದೆ, ಆರಂಭದ ನಡೆಗಳ ಶಾಸ್ತ್ರವನ್ನು ತಿಳಿಯದೆ, ಕೇವಲ ಹುಟ್ಟುಪ್ರತಿಭೆಯಿಂದ ಮಾಜಿ ವಿಶ್ವವಿಜೇತನನ್ನು ಸೋಲಿಸಿದ. ಕೇಳಲು ಸೊಗಸಾದ ಕಥೆ. ಸಾಹಿತ್ಯಚರಿತ್ರೆಯ ಅಭ್ಯಾಸಿಗಳಿಗೆ ಇಂಥ ಕಥೆಗಳ ಪರಿಚಯ ಚೆನ್ನಾಗಿಯೇ ಇದೆ. ಕವಿಯ ಬಗೆಗೆ ಹುಟ್ಟಿಕೊಂಡ ಐತಿಹ್ಯ ಬೆಳೆಯುತ್ತ ಹೋದಂತೆ ಕೃತಿಯನ್ನು ಬಿಚ್ಚಿ ಓದುವವರು ಕಡಿಮೆಯಾಗುತ್ತಾರೆ. ಸುಲ್ತಾನ್ ಖಾನ್ ತಮ್ಮ ಆಟದ ಕುರಿತು ಗ್ರಂಥವನ್ನು ಬರೆದವರಲ್ಲ. ಅವರು ಉಳಿಸಿಹೋದದ್ದು ದಾಖಲಾದ ಆಟಗಳನ್ನು. ಹಾಗಾಗಿ ಆ ಆಟಗಳೇ ಅವರ ಕೃತಿ, ಅವನ್ನೇ ಪಾಠವೆಂದು ಓದಬೇಕು. ಹೇಸ್ಟಿಂಗ್ಸ್ ಆಟದ ಮೊದಲ ಹದಿಮೂರು ನಡೆಗಳನ್ನು ಹಾಗೆ ಓದಿದರೆ ಮೇಲಿನ ಕಥೆ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ.

ಓದುವ ಮುನ್ನ ಆ ಆರಂಭದ ಹೆಸರನ್ನು ನೋಡಬೇಕು. ಕಾಪಾಬ್ಲಾಂಕಾ ಆಯ್ದುಕೊಂಡ ರಕ್ಷಣಾಕ್ರಮವನ್ನು ‘ಕ್ವೀನ್ಸ್ ಇಂಡಿಯನ್ ಡಿಫೆನ್ಸ್’ ಎನ್ನುತ್ತಾರೆ. ಕ್ಯೂಬಾದವರೊಬ್ಬರು ‘ಇಂಡಿಯನ್’ ರಕ್ಷಣೆಯನ್ನು ಹಿಡಿದು, ಇಂಡಿಯಾದವರೊಬ್ಬರು ಅದನ್ನು ಒಡೆದ ಪ್ರಸಂಗ ಇದು. ಆ ಹೆಸರು ಬಂದದ್ದು ಎಲ್ಲಿಂದ?

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಜಾನ್ ಕಾಕ್ರೇನ್ ಎಂಬ ಸ್ಕಾಟ್ಲೆಂಡ್ ಮೂಲದ ಬ್ಯಾರಿಸ್ಟರ್ ಕಲ್ಕತ್ತೆಯಲ್ಲಿ ವಕೀಲಿ ಮಾಡುತ್ತಿದ್ದರು. ಆ ಕಾಲದ ಪ್ರಬಲ ಆಟಗಾರರಲ್ಲೊಬ್ಬರು. ಕಲ್ಕತ್ತೆಯ ಹೊರಗಿನ ಹಳ್ಳಿಯೊಂದರಲ್ಲಿ ಯಾರಿಗೂ ಸೋಲದ ಒಬ್ಬ ಬ್ರಾಹ್ಮಣನಿದ್ದಾನೆಂಬ ಸುದ್ದಿ ಕೇಳಿ ಅವರನ್ನು ಕರೆಸಿಕೊಂಡು ಆಡಿದರು. ಅವರೇ ಮಹೇಶಚಂದ್ರ ಬ್ಯಾನರ್ಜಿ. ಇಂಗ್ಲಿಷ್ ದಾಖಲೆಗಳಲ್ಲಿ ‘ಮೊಹೇಶ್ಚಂಡರ್’. 1848ರ ಸುಮಾರಿನಿಂದ ಮುಂದಿನ ಹನ್ನೆರಡು ವರ್ಷಗಳ ಅವಧಿಯಲ್ಲಿ ಇವರಿಬ್ಬರೂ ಆಡಿದ ಆಟಗಳು ಬಹುಸಂಖ್ಯೆಯಲ್ಲಿ ಉಳಿದುಬಂದಿವೆ. ಕಾಕ್ರೇನ್ ಕಾಲಾಳುಗಳನ್ನು ನಡುಹಲಗೆಗೆ ನುಗ್ಗಿಸಿ ಬಿರುಸಾಗಿ ಆಡುವವರು. ಮಹೇಶಚಂದ್ರರ ಕ್ರಮ ಬೇರೆ. ಅವರು ಕಾಲಾಳನ್ನು ಒಂದೇ ಮನೆ ಮುಂದಿಟ್ಟು, ಒಂಟೆಯನ್ನು ಅಂಚಿನಲ್ಲಿ ಕೂರಿಸಿ, ಎದುರಾಳಿ ನಡುಹಲಗೆಯನ್ನು ಆಕ್ರಮಿಸಲಿ ಎಂದು ಬಿಟ್ಟು, ಆಮೇಲೆ ಅದರ ಬುಡಕ್ಕೆ ಕೈಹಾಕುತ್ತಿದ್ದರು. 1855ರಲ್ಲಿ ಅವರು ಕರಿಯ ಕಾಯಿಗಳೊಡನೆ ಆಡಿ ಗೆಲ್ಲಲಾಗದ ಒಂದು ಆಟದ ಮೊದಲ ನಡೆಗಳು, 1922ರಲ್ಲಿ ಆಸ್ಟ್ರಿಯಾದ ಎರ್ನ್‌ಸ್ಟ್ ಗ್ರುನ್‌ಫೆಲ್ಡ್ ಬಳಕೆಗೆ ತಂದು ‘ಗ್ರುನ್‌ಫೆಲ್ಡ್ ಡಿಫೆನ್ಸ್’ ಎಂದು ಹೆಸರಾದ ಕ್ರಮಕ್ಕೆ ತದ್ವತ್ತಾಗಿವೆ. ನಡುವಿನ ಅಂತರ 67 ವರ್ಷ. ಹೆಸರು ಮಾತ್ರ ಎರಡನೆಯವರದು.

ಇಂಥ ಆಟಗಳನ್ನು ಕಂಡೇ ಯೂರೋಪಿನವರು ಈ ಬಗೆಯ ಆರಂಭಕ್ಕೆ ‘ಇಂಡಿಯನ್’ ಎಂಬ ವಿಶೇಷಣವನ್ನು ಹಚ್ಚಿದರು. 1884ರ ವೇಳೆಗೆ ಈ ಮಾತು ಮುದ್ರಣದಲ್ಲಿ ಕಾಣಿಸಿಕೊಂಡಿದೆ. ಮೊದಲ ಮಹಾಯುದ್ಧದ ನಂತರ ನಿಮ್ಜೊವಿಚ್, ರೇಟಿ ಮೊದಲಾದವರು ನಡುಹಲಗೆಯನ್ನು ದೂರದಿಂದ ನಿಯಂತ್ರಿಸಬೇಕೆಂಬ ಹೊಸ ಸಿದ್ಧಾಂತವನ್ನು ಪ್ರತಿಪಾದಿಸಿದಾಗ, ಟಾರ್ಟಕೋವರ್ ಮುಂತಾದವರ ಬರೆವಣಿಗೆಯ ಮೂಲಕ ಹಳೆಯ ವಿಶೇಷಣ ಮತ್ತೆ ಚಲಾವಣೆಗೆ ಬಂತು. ಕಿಂಗ್ಸ್ ಇಂಡಿಯನ್, ಕ್ವೀನ್ಸ್ ಇಂಡಿಯನ್, ನಿಮ್ಜೊ ಇಂಡಿಯನ್, ಬೋಗೊ ಇಂಡಿಯನ್ ಎಂದು ಶಾಖೆಗಳು ಒಡೆದವು. ಕೊನೆಯ ಎರಡು ಹೆಸರುಗಳಲ್ಲಿ ವ್ಯಕ್ತಿ ಯೂರೋಪಿನವನು, ಇಂಡಿಯಾ ಬರಿಯ ಕುಲನಾಮ. ಮಹೇಶಚಂದ್ರರ ಹೆಸರು ಯಾವ ಶಾಖೆಗೂ ಅಂಟಲಿಲ್ಲ.

ಮಹೇಶಚಂದ್ರರು ಹಾಗೆ ಆಡಿದ್ದಕ್ಕೆ ಒಂದು ಸರಳ ಕಾರಣವನ್ನು ಇತಿಹಾಸಕಾರರು ಕೊಡುತ್ತಾರೆ. ಅವರು ಬೆಳೆದ ಆಟದ ನಿಯಮಗಳೇ ಬೇರೆ. ಭಾರತದ ಚದುರಂಗದಲ್ಲಿ ಪ್ರದೇಶದಿಂದ ಪ್ರದೇಶಕ್ಕೆ ವ್ಯತ್ಯಾಸಗಳಿದ್ದರೂ ಸಾಮಾನ್ಯವಾಗಿ ಕಾಲಾಳು ತನ್ನ ಮೊದಲ ನಡೆಯಲ್ಲಿ ಎರಡು ಮನೆ ಹಾರುವಂತಿರಲಿಲ್ಲ. ರಾಜನನ್ನೂ ಆನೆಯನ್ನೂ ಒಟ್ಟಿಗೆ ಸರಿಸಿ ಕೋಟೆ ಕಟ್ಟುವ ಯೂರೋಪಿನ ಕ್ರಮ ಇರಲಿಲ್ಲ. ಅದರ ಬದಲು ಶಹ ಬೀಳುವ ಮುನ್ನ ರಾಜ ಒಮ್ಮೆ ಕುದುರೆಯಂತೆ ನೆಗೆಯಬಹುದಿತ್ತು. ಕೊನೆಯ ಸಾಲನ್ನು ಮುಟ್ಟಿದ ಕಾಲಾಳು ಆ ಸಾಲಿಗೆ ಸೇರಿದ ಕಾಯಿಯಾಗಿ ಮಾತ್ರ ಮಾರ್ಪಡುತ್ತಿತ್ತು. ಕಾಲಾಳು ಎರಡು ಮನೆ ನೆಗೆಯದ ಆಟದಲ್ಲಿ ಸೈನ್ಯಗಳು ಬೇಗ ಮುಖಾಮುಖಿಯಾಗುವುದಿಲ್ಲ. ವ್ಯೂಹರಚನೆಗೆ ಸಮಯವಿರುತ್ತದೆ, ಅವಸರದ ದಾಳಿಗೆ ಬೆಲೆ ಕಡಿಮೆ.

ನಿಯಮಗಳು ಕಾಲದೇಶಗಳಿಗೆ ತಕ್ಕಂತೆ ಬದಲಾಗುತ್ತ ಬಂದುದಕ್ಕೆ ಅಲಂಕಾರಶಾಸ್ತ್ರದಲ್ಲೇ ಸಾಕ್ಷ್ಯವಿದೆ ಎಂಬುದನ್ನು ಇಲ್ಲಿ ಪ್ರಾಸಂಗಿಕವಾಗಿ ನೆನೆಯಬಹುದು. ಒಂಬತ್ತನೆಯ ಶತಮಾನದ ಕಾಶ್ಮೀರದ ರುದ್ರಟನು ತನ್ನ ‘ಕಾವ್ಯಾಲಂಕಾರ’ದಲ್ಲಿ ಚದುರಂಗದ ರಥ, ತುರಗ, ಗಜಗಳ ನಡೆಯನ್ನನುಸರಿಸಿ ಅಕ್ಷರಗಳನ್ನು ಓದುವ ಚಿತ್ರಬಂಧಗಳನ್ನು ರಚಿಸಿದ್ದಾನೆ. 1069ರ ಸುಮಾರಿನಲ್ಲಿ ಅದಕ್ಕೆ ಟಿಪ್ಪಣಿ ಬರೆದವನು ಜೈನ ವಿದ್ವಾಂಸ ನಮಿಸಾಧು. ಆ ಪದ್ಯಗಳಲ್ಲಿ ಕುದುರೆ ಇಂದಿನ ಕುದುರೆಯೇ. ಆನೆಯ ನಡೆ ಮಾತ್ರ ಇಂದಿನ ಯಾವ ಕಾಯಿಯ ನಡೆಗೂ ಹೊಂದುವುದಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಭೂಲೋಕಮಲ್ಲ ಸೋಮೇಶ್ವರನ ‘ಮಾನಸೋಲ್ಲಾಸ’ವೂ ರಾಜರ ವಿನೋದಗಳ ನಡುವೆ ಚದುರಂಗಕ್ಕೆ ಸ್ಥಾನ ಕೊಟ್ಟಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು, ಕುದುರೆಯೊಂದು ಹಲಗೆಯ ಎಲ್ಲ ಮನೆಗಳನ್ನೂ ಒಂದೊಂದು ಬಾರಿ ಮಾತ್ರ ಮುಟ್ಟಿ ಬರುವ ಬಂಧಗಳನ್ನು ರಚಿಸುತ್ತಿದ್ದುದು, ಕಾಕ್ರೇನ್ ಮತ್ತು ಮಹೇಶಚಂದ್ರರು ಕಲ್ಕತ್ತೆಯಲ್ಲಿ ಆಡುತ್ತಿದ್ದ ಕಾಲಕ್ಕೇ. ಭಾರತದಲ್ಲಿ ಚದುರಂಗಕ್ಕೆ ಶಾಸ್ತ್ರವಿರಲಿಲ್ಲ, ಬರಿಯ ರೂಢಿಯಿತ್ತು ಎನ್ನುವ ಮಾತಿಗೆ ಇವೇ ಉತ್ತರ.

ಸುಲ್ತಾನ್ ಖಾನ್ ಹುಟ್ಟಿದ್ದು ಇಂದಿನ ಪಾಕಿಸ್ತಾನದಲ್ಲಿರುವ ಪಂಜಾಬಿನ ಮಿಟ್ಠಾ ಟಿವಾಣ ಎಂಬ ಊರಿನಲ್ಲಿ. ಹುಟ್ಟಿದ ವರ್ಷವನ್ನು ಕೆಲವರು 1903 ಎನ್ನುತ್ತಾರೆ, ಕೆಲವರು 1905. ಎಳೆಯ ವಯಸ್ಸಿನಲ್ಲೇ ತಂದೆಯಿಂದ ದೇಶೀ ಪದ್ಧತಿಯ ಚದುರಂಗವನ್ನು ಕಲಿತರು. ಆ ಸೀಮೆಯ ದೊಡ್ಡ ಜಮೀನ್ದಾರರೂ ಬ್ರಿಟಿಷ್ ಸೇನೆಯ ಗೌರವಾಧಿಕಾರಿಯೂ ಆಗಿದ್ದ ಸರ್ ಉಮರ್ ಹಯಾತ್ ಖಾನ್ ಟಿವಾಣ ಅವರಿಗೆ ಆಶ್ರಯವಿತ್ತು ಯೂರೋಪಿನ ನಿಯಮಗಳನ್ನು ಕಲಿಸಿದರು. 1928ರಲ್ಲಿ ದಿಲ್ಲಿಯಲ್ಲಿ ನಡೆದ ಅಖಿಲ ಭಾರತ ಪಂದ್ಯಾವಳಿಯಲ್ಲಿ ಒಂದು ಆಟವನ್ನೂ ಸೋಲದೆ ಗೆದ್ದು, 1929ರ ವಸಂತದಲ್ಲಿ ಆಶ್ರಯದಾತರೊಡನೆ ಲಂಡನ್ನಿಗೆ ಬಂದರು. ಅಂದರೆ ಯೂರೋಪಿನ ನಿಯಮಗಳಿಗೆ ಅವರು ಹೊರಳಿದ್ದು ಇಪ್ಪತ್ತು ದಾಟಿದ ಮೇಲೆ. ಮಾತೃಭಾಷೆ ಬಲಿತ ಮೇಲೆ ಕಲಿತ ಪರಭಾಷೆಯಲ್ಲಿ ಕಾವ್ಯ ಬರೆಯಹೊರಟಷ್ಟೇ ಕಷ್ಟದ ಕೆಲಸ ಅದು.

ಲಂಡನ್ನಿನ ಮೊದಲ ಅನುಭವ ಆಶಾದಾಯಕವಾಗಿರಲಿಲ್ಲ. ಅವರ ಅಭ್ಯಾಸಕ್ಕೆಂದೇ ಏರ್ಪಡಿಸಿದ ಸಣ್ಣ ಪಂದ್ಯಾವಳಿಯಲ್ಲಿ ಅವರು ಕಡೆಯ ಸ್ಥಾನಕ್ಕಿಳಿದರು. ಆರಂಭದ ನಡೆಗಳಲ್ಲಿ ಎಡವುತ್ತಿದ್ದುದೇ ಮುಖ್ಯ ಕಾರಣ. ಆಗ ವಿಲಿಯಂ ವಿಂಟರ್ ಮತ್ತು ಎಫ್. ಡಿ. ಯೇಟ್ಸ್ ಎಂಬ ಇಬ್ಬರು ಅನುಭವಿ ಬ್ರಿಟಿಷ್ ಆಟಗಾರರು ಅವರೊಡನೆ ಕುಳಿತು ಆರಂಭಗಳನ್ನು ಅಭ್ಯಾಸ ಮಾಡಿಸಿದರು. ಅದೇ ಬೇಸಗೆಯಲ್ಲಿ ರಾಮ್ಸ್‌ಗೇಟ್‌ನಲ್ಲಿ ನಡೆದ ಬ್ರಿಟಿಷ್ ಚಾಂಪಿಯನ್‌ಷಿಪ್ ಸುಲ್ತಾನ್ ಖಾನರದಾಯಿತು. ಕಲಿಸಿದ್ದು ಕೆಲವು ವಾರ, ಫಲ ಬಂದದ್ದು ಕೂಡಲೆ. ‘ಏನನ್ನೂ ಕಲಿಯದ ಪ್ರತಿಭೆ’ ಎಂಬ ಕಥೆ ಈ ಒಂದು ಘಟನೆಯ ಮುಂದೆಯೇ ತಡವರಿಸುತ್ತದೆ. ಅವರಿಗೆ ಗೊತ್ತಿರಲಿಲ್ಲ ಎಂಬುದು ನಿಜ. ಅವರು ಕಲಿತರು ಎಂಬುದೂ ಅಷ್ಟೇ ನಿಜ. ಕಥೆ ಹೇಳುವವರು ಮೊದಲ ಅರ್ಧವನ್ನು ಮಾತ್ರ ಉಳಿಸಿಕೊಂಡರು.

1930ರಲ್ಲಿ ಲೀಜ್ ಪಂದ್ಯಾವಳಿಯಲ್ಲಿ ಟಾರ್ಟಕೋವರರ ನಂತರದ ಎರಡನೆಯ ಸ್ಥಾನ ದೊರೆಯಿತು. ಅದೇ ವರ್ಷ ಹ್ಯಾಂಬರ್ಗ್ ಒಲಿಂಪಿಯಾಡಿನಲ್ಲಿ ಇಂಗ್ಲೆಂಡಿನ ಮೊದಲ ಹಲಗೆಯಲ್ಲಿ ಆಡಿದರು. ವಸಾಹತಿನ ಪ್ರಜೆಯೊಬ್ಬ ಆಳುವ ದೇಶದ ತಂಡಕ್ಕೆ ಮುಂದಾಳಾದದ್ದು ಅಂದಿನ ರಾಜಕೀಯ ಸಂದರ್ಭದಲ್ಲಿ ಸಣ್ಣ ಸಂಗತಿಯಲ್ಲ. ಆ ವರ್ಷವೇ ದಂಡಿಯ ಉಪ್ಪಿನ ಸತ್ಯಾಗ್ರಹ ನಡೆದಿತ್ತು. ಹೇಸ್ಟಿಂಗ್ಸ್‌ನ ಆಟ ನಡೆದಾಗ ಲಂಡನ್ನಿನಲ್ಲಿ ಮೊದಲನೆಯ ದುಂಡುಮೇಜಿನ ಪರಿಷತ್ತು ಇನ್ನೂ ಮುಗಿದಿರಲಿಲ್ಲ.

ಈಗ ಆಟಕ್ಕೆ ಬರಬಹುದು. ಹಲಗೆಯ ಉದ್ದಸಾಲುಗಳನ್ನು ಬಿಳಿಯರ ಎಡದಿಂದ ‘ಎ’ಯಿಂದ ‘ಎಚ್’ವರೆಗೆ, ಅಡ್ಡಸಾಲುಗಳನ್ನು ಬಿಳಿಯರ ಕಡೆಯಿಂದ 1ರಿಂದ 8ರವರೆಗೆ ಗುರುತಿಸುವುದು ರೂಢಿ. ಸುಲ್ತಾನ್ ಖಾನ್ ಮೊದಲು ರಾಜನ ಪಕ್ಕದ ಕುದುರೆಯನ್ನು ಎಫ್3ಕ್ಕೆ ತಂದರು. ಕಾಪಾಬ್ಲಾಂಕಾ ತಮ್ಮ ಕುದುರೆಯನ್ನು ಎಫ್6ಕ್ಕೆ. ನಂತರ ಬಿಳಿಯ ಕಾಲಾಳುಗಳು ಡಿ4 ಮತ್ತು ಸಿ4 ಮನೆಗಳಿಗೆ ಬಂದವು. ಕರಿಯ ಕಾಲಾಳು ಬಿ6ಕ್ಕೆ ಸರಿದು, ಅದರ ಹಿಂದೆ ಬಿ7ರಲ್ಲಿ ಒಂಟೆ ಕುಳಿತಿತು. ಕ್ವೀನ್ಸ್ ಇಂಡಿಯನ್‌ನ ಗುರುತೇ ಈ ಒಂಟೆ. ಅಲ್ಲಿಂದ ಅದು ಹಲಗೆಯ ಉದ್ದನೆಯ ಕರ್ಣವನ್ನು, ವಿಶೇಷವಾಗಿ ಇ4 ಮತ್ತು ಡಿ5 ಮನೆಗಳನ್ನು ಕಾಯುತ್ತದೆ. ನಾಲ್ಕನೆಯ ನಡೆಯಲ್ಲಿ ಬಿಳಿಯ ಎರಡನೆಯ ಕುದುರೆ ಸಿ3ಕ್ಕೆ ಬಂತು, ಕರಿಯ ಕಾಲಾಳು ಇ6ಕ್ಕೆ.

ಐದನೆಯ ನಡೆಯಲ್ಲಿ ಸುಲ್ತಾನ್ ಖಾನ್ ಅಂಚಿನ ಕಾಲಾಳನ್ನು ಒಂದೇ ಮನೆ ಸರಿಸಿ ಎ3ರಲ್ಲಿ ಇಟ್ಟರು.

ಹೊರನೋಟಕ್ಕೆ ಇದು ಕೆಲಸವಿಲ್ಲದ ನಡೆ. ಕಾಯಿಗಳನ್ನು ಹೊರತರಬೇಕಾದ ಹೊತ್ತಿನಲ್ಲಿ ಅಂಚಿನ ಕಾಲಾಳನ್ನು ಮುಟ್ಟಬಾರದೆಂದು ಅಂದಿನ ಪಠ್ಯಗಳು ಮೊದಲ ಪಾಠದಲ್ಲೇ ಹೇಳುತ್ತಿದ್ದವು. ಆದರೆ ಇದರ ಉದ್ದೇಶ ಖಚಿತವಾಗಿದೆ. ಕರಿಯರ ಇನ್ನೊಂದು ಒಂಟೆ ಬಿ4ಕ್ಕೆ ಬಂದು ಸಿ3ರ ಕುದುರೆಯನ್ನು ಕಟ್ಟಿಹಾಕಿದರೆ ಇ4, ಡಿ5 ಮನೆಗಳ ಮೇಲೆ ಬಿಳಿಯರ ಹಿಡಿತ ಸಡಿಲವಾಗುತ್ತದೆ. ಎ3ರ ಕಾಲಾಳು ಆ ಬಾಗಿಲನ್ನು ಮುಚ್ಚುತ್ತದೆ. ಎದುರಾಳಿಯ ರಕ್ಷಣಾಕ್ರಮದ ಜೀವಾಳ ಯಾವುದೆಂದು ಅರಿತು ಅದಕ್ಕೇ ತಡೆಯೊಡ್ಡಿದ ನಡೆ ಇದು. ಮುಂದೆ 1960ರ ದಶಕದಲ್ಲಿ ವಿಶ್ವವಿಜೇತ ಟಿಗ್ರಾನ್ ಪೆಟ್ರೋಸಿಯನ್ ಇದೇ ಎ3 ನಡೆಯನ್ನು ಕ್ವೀನ್ಸ್ ಇಂಡಿಯನ್‌ಗೆ ಎದುರಾಗಿ ಪದ್ಧತಿಯನ್ನಾಗಿ ರೂಢಿಸಿದರು. 1980ರ ದಶಕದ ಆದಿಯಲ್ಲಿ ತರುಣ ಗ್ಯಾರಿ ಕ್ಯಾಸ್ಪರೋವ್ ಇದರಿಂದಲೇ ಗೆಲುವಿನ ಮೇಲೆ ಗೆಲುವು ಪಡೆದರು. ನಡೆಗಳ ಅನುಕ್ರಮ ತುಸು ಹಿಂದುಮುಂದಾದರೂ ಹೇಸ್ಟಿಂಗ್ಸ್‌ನಲ್ಲಿ ಐದನೆಯ ನಡೆ ಮುಗಿದಾಗ ಹಲಗೆಯ ಮೇಲಿದ್ದ ಸ್ಥಿತಿಯೂ ಪೆಟ್ರೋಸಿಯನ್ ಪದ್ಧತಿಯಲ್ಲಿ ಇಂದು ಸಾವಿರಾರು ಬಾರಿ ಬರುವ ಸ್ಥಿತಿಯೂ ಒಂದೇ.

ಎ3 ನಡೆಯನ್ನು ದೇಶೀ ಆಟದ ಸಂಸ್ಕಾರವೆಂದು ವಿವರಿಸುವ ಆಸೆ ಯಾರಿಗಾದರೂ ಹುಟ್ಟುತ್ತದೆ. ಒಂದೊಂದೇ ಮನೆ ಸರಿಯುವ ಕಾಲಾಳು, ಅವಸರವಿಲ್ಲದ ವ್ಯೂಹ, ಕೈ ಬಿಡದ ಹಳೆಯ ರೂಢಿ ಎಂದೆಲ್ಲ ಹೇಳಬಹುದು. ಇನ್ನೊಂದು ಆಧಾರವೂ ಸಿಗುತ್ತದೆ: ಈ ಆಟದಲ್ಲಿ ಸುಲ್ತಾನ್ ಖಾನ್ ತಮ್ಮ ರಾಜನಿಗೆ ಕೋಟೆ ಕಟ್ಟಲೇ ಇಲ್ಲ. ಆದರೆ ಪಾಠ ಇಷ್ಟಕ್ಕೆ ಒಪ್ಪುವುದಿಲ್ಲ. ಮೊದಲ ಇಪ್ಪತ್ತು ನಡೆಗಳಲ್ಲಿ ಬಿಳಿಯರದು ಎಂಟು ಕಾಲಾಳು ನಡೆಗಳು. ಅವುಗಳಲ್ಲಿ ಡಿ4, ಸಿ4, ಎಚ್4, ಜಿ4 ಈ ನಾಲ್ಕೂ ಎರಡು ಮನೆಯ ನೆಗೆತಗಳು, ಅಂದರೆ ಮಿಟ್ಠಾ ಟಿವಾಣದ ಹಲಗೆಯ ಮೇಲೆ ನಿಷಿದ್ಧವಾದವು. ಆಟದ ಬೆನ್ನೆಲುಬೇ ಈ ನಾಲ್ಕು ನಡೆಗಳು. ಹುಟ್ಟುಪ್ರತಿಭೆಯ ಕಥೆಯಷ್ಟೇ ದೇಶೀ ಸಂಸ್ಕಾರದ ಕಥೆಯೂ ಇಲ್ಲಿ ಅರೆಸತ್ಯ. ಅನುಮಾನಕ್ಕೆ ಎಡೆಯಿಲ್ಲದೆ ಕಾಣುವುದು ಒಂದು: ಹೊಸ ನಿಯಮಗಳ ಸಾಧ್ಯತೆಗಳನ್ನು ಅರಗಿಸಿಕೊಂಡು ಎಲ್ಲಿ ಎರಡು ಮನೆ ನೆಗೆಯಬೇಕು, ಎಲ್ಲಿ ಒಂದೇ ಮನೆ ಸಾಕು ಎಂಬ ವಿವೇಕವನ್ನು ಪಡೆದ ಆಟಗಾರ.

ಕಾಪಾಬ್ಲಾಂಕಾ ಐದನೆಯ ನಡೆಯಲ್ಲಿ ಡಿ5ಕ್ಕೆ ಕಾಲಾಳನ್ನು ನೂಕಿದರು. ಕಾಲಾಳುಗಳ ವಿನಿಮಯವಾದಾಗ ಡಿ5ರ ಕಾಯಿಯನ್ನು ಹಿಡಿದದ್ದು ಅವರ ಇ6ರ ಕಾಲಾಳು. ಇಂದಿನ ಆಟಗಾರರು ಬಹುಮಟ್ಟಿಗೆ ಅಲ್ಲಿ ಕುದುರೆಯಿಂದ ಹಿಡಿಯುತ್ತಾರೆ. ಕಾಲಾಳಿನಿಂದ ಹಿಡಿದರೆ ಅದು ಡಿ5ರಲ್ಲಿ ನೆಲೆನಿಂತು ಬಿ7ರ ಒಂಟೆಯ ದಾರಿಗೆ ಗೋಡೆಯಾಗುತ್ತದೆ. ಯಾವ ಒಂಟೆಗಾಗಿ ಆ ರಕ್ಷಣಾಕ್ರಮವನ್ನು ಹಿಡಿದಿದ್ದರೋ ಆ ಒಂಟೆಯೇ ಕುರುಡಾಯಿತು. ಬಿಳಿಯ ಒಂಟೆ ಜಿ5ಕ್ಕೆ ಬಂತು. ಕಾಲಾಳು ಇ3ಕ್ಕೆ, ಇನ್ನೊಂದು ಒಂಟೆ ಡಿ3ಕ್ಕೆ. ಒಂಬತ್ತನೆಯ ನಡೆಯಲ್ಲಿ ಕರಿಯ ಕುದುರೆ ಇ4ಕ್ಕೆ ನೆಗೆದು ಒಂಟೆಗಳ ವಿನಿಮಯಕ್ಕೆ ಆಹ್ವಾನ ನೀಡಿತು. ಸುಲ್ತಾನ್ ಖಾನ್ ಒಪ್ಪದೆ ತಮ್ಮ ಒಂಟೆಯನ್ನು ಎಫ್4ಕ್ಕೆ ಸರಿಸಿದರು. ಅಲ್ಲಿಂದ ಅದು ಸಿ7ರ ಮನೆಯನ್ನು ದಿಟ್ಟಿಸತೊಡಗಿತು. ಹನ್ನೊಂದರಲ್ಲಿ ಮಂತ್ರಿ ಸಿ2ಕ್ಕೆ ಬಂದಿತು. ಕಾಪಾಬ್ಲಾಂಕಾ ಇ4ರ ಕುದುರೆಗೆ ಆಸರೆಯಾಗಿ ಕಾಲಾಳನ್ನು ಎಫ್5ಕ್ಕೆ ತಂದರು.

ಆಗ ಬಿತ್ತು ಹನ್ನೆರಡನೆಯ ನಡೆ: ಸಿ3ರ ಕುದುರೆ ಬಿ5ಕ್ಕೆ. ಒಂಟೆ, ಕುದುರೆ, ಮಂತ್ರಿ ಮೂರರ ಕಣ್ಣೂ ಒಮ್ಮೆಗೇ ಸಿ7ರ ಮೇಲೆ. ಕಾಪಾಬ್ಲಾಂಕಾ ತಮ್ಮ ಒಂಟೆಯನ್ನು ಡಿ6ಕ್ಕೆ ತಂದು ದಾರಿಗೆ ಅಡ್ಡವಿಟ್ಟರು. ಕುದುರೆ ಆ ಒಂಟೆಯನ್ನು ಹೊಡೆಯಿತು. ‘ಸಿ’ ಸಾಲಿನ ಕಾಲಾಳು ಆ ಕುದುರೆಯನ್ನು ಹೊಡೆಯಿತು. ಹದಿಮೂರು ನಡೆ ಮುಗಿದಾಗ ಕರಿಯರಿಗೆ ‘ಡಿ’ ಸಾಲಿನಲ್ಲಿ ಒಂದರ ಹಿಂದೊಂದು ಎರಡು ಕಾಲಾಳುಗಳು, ಅವುಗಳ ಹಿಂದೆ ಬೆಳಕು ಕಾಣದ ಒಂಟೆ. ಬಿಳಿಯರಿಗೆ ಎರಡೂ ಒಂಟೆಗಳು, ಡಿ6ರಲ್ಲಿ ಹೊಡೆಯಲು ಶಾಶ್ವತವಾದ ಗುರಿ. ಕರಿಯರಿಗೆ ದಕ್ಕಿದ ಪ್ರತಿಫಲ ತೆರೆದ ‘ಸಿ’ ಸಾಲು ಮಾತ್ರ. ಆರಂಭ ಇಲ್ಲಿಗೆ ಮುಗಿಯಿತು. ಯಾರ ಸ್ಥಿತಿ ಹಿತವಾದುದೆಂದು ಕೇಳಿದರೆ ಇಂದಿನ ಸಾಧಾರಣ ಆಟಗಾರರೂ ಬಿಳಿಯರ ಕಡೆಗೆ ಕೈ ತೋರುತ್ತಾರೆ. ಆರಂಭದಲ್ಲಿ ದುರ್ಬಲರೆಂದು ಹೆಸರಾದವರು, ಹಲಗೆಯ ಮೇಲಿನ ಕಾಯಿಗಳ ಸ್ಥಾನವನ್ನು ಕಂಡೊಡನೆ ತೂಗಬಲ್ಲವರೆಂದು ಜಗತ್ತು ಕೊಂಡಾಡಿದ ಕಾಪಾಬ್ಲಾಂಕಾರನ್ನು ಆರಂಭದಲ್ಲೇ ಹಿಂದೆ ಹಾಕಿದ್ದರು.

ಮುಂದಿನದನ್ನು ಸಂಗ್ರಹವಾಗಿ ಹೇಳಬಹುದು. ಸುಲ್ತಾನ್ ಖಾನ್ ಎಚ್4 ಆಡಿ ಎಫ್4ರ ಒಂಟೆಯ ನೆಲೆಯನ್ನು ಭದ್ರಪಡಿಸಿಕೊಂಡರು. ಇ4ರಲ್ಲಿ ಕುದುರೆಗಳು ಪರಸ್ಪರ ಕಳೆದುಹೋದವು. ಕಾಪಾಬ್ಲಾಂಕಾ ‘ಸಿ’ ಸಾಲಿನಲ್ಲಿ ಎರಡೂ ಆನೆಗಳನ್ನು ನಿಲ್ಲಿಸುವ ಹೊತ್ತಿಗೆ ಬಿಳಿಯ ಕಾಲಾಳು ಜಿ4ರಿಂದ ಜಿ5ಕ್ಕೆ ಬಂದು ಕರಿಯ ಕುದುರೆಯನ್ನು ಇ8ಕ್ಕೆ ಅಟ್ಟಿತ್ತು. 21ನೆಯ ನಡೆಯಲ್ಲಿ ಬಿಳಿಯ ಒಂಟೆ ಜಿ4ರಿಂದ ಸಿ8ರ ಆನೆಯ ಮೇಲೆ ಕಣ್ಣಿಟ್ಟಿತು. ಉತ್ತರವಾಗಿ ಕರಿಯ ಆನೆ ಸಿ1ಕ್ಕೆ ಧುಮುಕಿ ಶಹ ಹೇಳಿತು, ರಾಜ ಡಿ2ಕ್ಕೆ ಸರಿದಾಗ ಎರಡನೆಯ ಆನೆ ಸಿ2ಕ್ಕೆ ಬಂದು ಮತ್ತೆ ಶಹ ಹೇಳಿತು. ಕೊನೆಗೆ ಬಿಳಿಯರು ಮಂತ್ರಿಯನ್ನು ಕೊಟ್ಟು ಎರಡೂ ಆನೆಗಳನ್ನು ಪಡೆದರು. ನೋಡುವವರಿಗೆ ಕಾಪಾಬ್ಲಾಂಕಾರ ಚಮತ್ಕಾರವೆನಿಸಬಹುದಾದ ಈ ವಿನಿಮಯ ವಾಸ್ತವವಾಗಿ ಬಿಳಿಯರಿಗೇ ಅನುಕೂಲ. ಏಕೆಂದರೆ ಕರಿಯರ ಆನೆಗಳು ಹೋದ ಮೇಲೆ ತೆರೆದ ‘ಸಿ’ ಸಾಲು ಬಿಳಿಯ ಆನೆಗಳ ಪಾಲಾಯಿತು. ಒಂಟಿ ಮಂತ್ರಿ ಸಿ4, ಬಿ3, ಎ4 ಎಂದು ಅಲೆಯಿತೇ ಹೊರತು ಹೊಡೆಯಲು ಏನೂ ಸಿಗಲಿಲ್ಲ. ಆಮೇಲಿನ ಸುಮಾರು ನಲವತ್ತು ನಡೆಗಳು ಸಹನೆಯ ಕೆಲಸ. ಅಲ್ಲಿ ಬೆರಗುಗೊಳಿಸುವ ಬಲಿದಾನವಿಲ್ಲ. ಆಟಸಂಗ್ರಹಗಳಲ್ಲಿ ಈ ಭಾಗವನ್ನು ಟಿಪ್ಪಣಿಯಿಲ್ಲದೆ ದಾಟಿಸಿಬಿಡುವುದುಂಟು. ಆದರೆ ಅಂತ್ಯದ ಆಟದಲ್ಲಿ ಅದ್ವಿತೀಯರೆನಿಸಿದ್ದ ಕಾಪಾಬ್ಲಾಂಕಾರಿಗೆ ಅಷ್ಟು ದೀರ್ಘಕಾಲ ಉಸಿರಾಡಲು ಬಿಡದಿದ್ದುದು ಈ ಆಟದ ಕಡಿಮೆ ಸಾಧನೆಯಲ್ಲ.

ಸೋತವರು ಉದಾರವಾಗಿಯೇ ನಡೆದುಕೊಂಡರು. ಅಂಥ ಪ್ರತಿಕೂಲಗಳ ನಡುವೆಯೂ ಚಾಂಪಿಯನ್ ಆದ ಸುಲ್ತಾನ್ ಖಾನರದು ಅಸಾಧಾರಣ ಪ್ರತಿಭೆಯೆಂದು ಕಾಪಾಬ್ಲಾಂಕಾ ಮುಂದೆ ಬರೆದರು. ಪ್ರಶಂಸೆ ಪ್ರಾಮಾಣಿಕವಾದದ್ದು. ಆದರೂ ಪ್ರತಿಭೆ ಎಂಬ ಶಬ್ದಕ್ಕೆ ಒಂದು ಅಪಾಯವಿದೆ. ನಮ್ಮ ಆಲಂಕಾರಿಕರು ಕಾವ್ಯಕಾರಣವನ್ನು ಹೇಳುವಾಗ ಪ್ರತಿಭೆಯೊಂದನ್ನೇ ಹೇಳಿ ನಿಲ್ಲಿಸಲಿಲ್ಲ. ವ್ಯುತ್ಪತ್ತಿ, ಅಭ್ಯಾಸಗಳನ್ನೂ ಜೊತೆಗಿಟ್ಟರು. ಸುಲ್ತಾನ್ ಖಾನರ ಬಗೆಗಿನ ಯೂರೋಪಿನ ಬರೆವಣಿಗೆಯಲ್ಲಿ ಮೊದಲನೆಯದು ಧಾರಾಳವಾಗಿ ಸಿಕ್ಕಿತು. ಉಳಿದೆರಡನ್ನು ಯೂರೋಪು ತನ್ನವರಿಗೇ ಮೀಸಲಿಟ್ಟುಕೊಂಡಿತು.

‘ಊಳಿಗದವನು’ ಎಂಬ ಚಿತ್ರವೂ ಹೀಗೆಯೇ ಬೆಳೆದದ್ದು. ಅಮೆರಿಕದ ರೂಬೆನ್ ಫೈನ್, 1933ರ ಫೋಕ್‌ಸ್ಟೋನ್ ಒಲಿಂಪಿಯಾಡಿನ ಸಂದರ್ಭದಲ್ಲಿ ಸರ್ ಉಮರ್ ತಮ್ಮ ತಂಡವನ್ನು ಮನೆಗೆ ಊಟಕ್ಕೆ ಕರೆದುದನ್ನೂ, ಅಲ್ಲಿ ಸುಲ್ತಾನ್ ಖಾನರೇ ಬಡಿಸಲು ನಿಂತುದನ್ನೂ, ಅದರಿಂದ ತಮಗಾದ ಮುಜುಗರವನ್ನೂ ಬರೆದಿದ್ದಾರೆ. ಈ ಪ್ರಸಂಗ ಮುಂದಿನ ಎಲ್ಲ ಬರೆಹಗಳಿಗೂ ಬೀಜವಾಯಿತು. 2020ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಡೇನಿಯಲ್ ಕಿಂಗ್ ಅವರ ಸುಲ್ತಾನ್ ಖಾನ್ ಚರಿತ್ರೆ ‘ಇಂಡಿಯನ್ ಸರ್ವೆಂಟ್’ ಎಂಬ ಮಾತನ್ನು ಶೀರ್ಷಿಕೆಯಲ್ಲೇ ಇರಿಸಿತು. ಸುಲ್ತಾನ್ ಖಾನರ ಮೊಮ್ಮಗಳು ಅದನ್ನು ಲಿಖಿತವಾಗಿ ಪ್ರತಿಭಟಿಸಿದರು: ತಮ್ಮ ಅಜ್ಜ ಸೇವಕರಾಗಿರಲಿಲ್ಲ, ನಿರಕ್ಷರಿಯೂ ಆಗಿರಲಿಲ್ಲ, ಧಾರ್ಮಿಕ ಗೌರವವುಳ್ಳ ಮನೆತನದವರು ಎಂಬುದು ಅವರ ವಾದ. ಕುಟುಂಬದವರ ಮಾತಿನಲ್ಲಿ ಅಭಿಮಾನ ಇರುವುದು ಸಹಜ, ಅತಿಥಿಯ ಮಾತಿನಲ್ಲಿ ಅಪಾರ್ಥ ಇರುವುದೂ ಸಹಜ. ಕನ್ನಡ ಸಾಹಿತ್ಯಚರಿತ್ರೆಯನ್ನು ಓದಿದವರಿಗೆ ಇಲ್ಲೊಂದು ಸಂಗತಿ ಹೊಳೆಯದಿರದು. ಅರಿಕೇಸರಿಯ ಆಸ್ಥಾನದಲ್ಲಿದ್ದು ಧರ್ಮಪುರದ ಅಗ್ರಹಾರವನ್ನು ಪಡೆದ ಪಂಪನನ್ನು ಯಾರೂ ಅರಿಕೇಸರಿಯ ಸೇವಕನೆಂದು ಕರೆಯುವುದಿಲ್ಲ. ಆಶ್ರಯ, ಓಲಗ, ಊಳಿಗ ಇವು ನಮ್ಮಲ್ಲಿ ಬೇರೆಬೇರೆ ಸಂಬಂಧಗಳನ್ನು ಸೂಚಿಸುವ ಶಬ್ದಗಳು. ಹಿರಿಯರ ಮನೆಯಲ್ಲಿ ಆಶ್ರಿತನು ಅತಿಥಿಗಳಿಗೆ ಬಡಿಸುವುದು ಊಳಿಗವಾಗಿಯೇ ಇರಬೇಕಿಲ್ಲ. ಹಾಗೆಂದು ಉಮರ್ ಹಯಾತ್ ಖಾನರಿಗೂ ಸುಲ್ತಾನ್ ಖಾನರಿಗೂ ನಡುವೆ ಸಮಾನತೆಯಿತ್ತೆಂದು ಹೇಳುವುದೂ ಮುಗ್ಧತೆಯಾದೀತು. ಯಾವ ದೇಶದಲ್ಲಿ ಇರಬೇಕು, ಎಷ್ಟು ದಿನ ಆಡಬೇಕು ಎಂಬುದು ಆಶ್ರಯದಾತರ ಸಂಕಲ್ಪಕ್ಕೆ ಒಳಪಟ್ಟಿತ್ತು. ಅದರ ಪರಿಣಾಮ ಬೇಗನೆ ಕಂಡಿತು.

ಹೇಸ್ಟಿಂಗ್ಸ್‌ನ ಮರುತಿಂಗಳೊಳಗೆ ಅವರು ಟಾರ್ಟಕೋವರರನ್ನು ಹನ್ನೆರಡು ಆಟಗಳ ಪಂದ್ಯದಲ್ಲಿ ಒಂದು ಅಂಕದಿಂದ ಸೋಲಿಸಿದರು. 1931ರ ಪ್ರಾಗ್ ಒಲಿಂಪಿಯಾಡಿನಲ್ಲಿ ಫ್ಲೋರ್ ಮತ್ತು ರೂಬಿನ್‌ಸ್ಟೈನರನ್ನು ಗೆದ್ದು, ಅಂದಿನ ವಿಶ್ವವಿಜೇತ ಅಲೆಖಿನರೊಡನೆ ಸಮ ಮಾಡಿಕೊಂಡರು. 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್‌ಷಿಪ್ ಮತ್ತೆ ಅವರದಾಯಿತು. 1933ರಲ್ಲಿ ಮಹಿಳೆಯರ ಬ್ರಿಟಿಷ್ ಚಾಂಪಿಯನ್‌ಷಿಪ್ಪನ್ನು ಗೆದ್ದವರು ಅದೇ ಸರ್ ಉಮರ್ ಮನೆತನದ ಜೊತೆ ಬಂದಿದ್ದ ಮಿಸ್ ಫಾತಿಮಾ. ಅವರ ಬಗೆಗೆ ಇತಿಹಾಸ ಇನ್ನೂ ಕಡಿಮೆ ಬರೆದಿದೆ. ಇಂಗ್ಲೆಂಡಿನ ಚಳಿ ಸುಲ್ತಾನ್ ಖಾನರಿಗೆ ಒಗ್ಗಲಿಲ್ಲ. ಮಲೇರಿಯಾ, ಗಂಟಲಬೇನೆಗಳಿಂದ ನರಳುತ್ತ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡೇ ಎಷ್ಟೋ ಬಾರಿ ಆಡಲು ಬರುತ್ತಿದ್ದರು. ಆ ವರ್ಷದ ಕೊನೆಯಲ್ಲಿ ಸರ್ ಉಮರ್ ಸ್ವದೇಶಕ್ಕೆ ಹೊರಟರು, ಅವರೊಡನೆ ಸುಲ್ತಾನ್ ಖಾನರೂ. ಯೂರೋಪಿನ ಪಂದ್ಯಾವಳಿಗಳಲ್ಲಿ ಅವರು ಆಡಿದ್ದು ಐದು ವರ್ಷಕ್ಕೂ ಕಡಿಮೆ. 1935ರಲ್ಲಿ ವಿ. ಕೆ. ಖಾಡಿಲ್ಕರರೊಡನೆ ಹತ್ತು ಆಟಗಳ ಪಂದ್ಯವಾಡಿ ಒಂದನ್ನು ಸಮ ಮಾಡಿಕೊಂಡು ಉಳಿದೆಲ್ಲವನ್ನೂ ಗೆದ್ದರು. ಅನಂತರ ಪಂದ್ಯಗಳ ಲೋಕದಿಂದ ಮರೆಯಾದರು.

ಅಂತರರಾಷ್ಟ್ರೀಯ ಚದುರಂಗ ಒಕ್ಕೂಟವಾದ ಫಿಡೆ 1950ರಲ್ಲಿ ಮೊದಲ ಬಾರಿಗೆ ಗ್ರ್ಯಾಂಡ್‌ಮಾಸ್ಟರ್ ಬಿರುದನ್ನು ವಿಧ್ಯುಕ್ತವಾಗಿ 27 ಮಂದಿಗೆ ಕೊಟ್ಟಿತು. ಎಷ್ಟೋ ವರ್ಷಗಳ ಹಿಂದೆ ಆಟ ನಿಲ್ಲಿಸಿದ್ದ ರೂಬಿನ್‌ಸ್ಟೈನ್ ಅವರ ಹೆಸರು ಪೂರ್ವಸಾಧನೆಯ ಬಲದಿಂದ ಆ ಪಟ್ಟಿಯಲ್ಲಿತ್ತು. ಪ್ರಾಗ್‌ನಲ್ಲಿ ಅವರನ್ನು ಸೋಲಿಸಿದ್ದ ಸುಲ್ತಾನ್ ಖಾನರ ಹೆಸರು ಇರಲಿಲ್ಲ. ಆಗ ಅವರು ನಲವತ್ತೈದರ ಆಚೀಚೆಯ ವಯಸ್ಸಿನಲ್ಲಿ, ಹೊಸದಾಗಿ ಹುಟ್ಟಿದ ಪಾಕಿಸ್ತಾನದಲ್ಲಿ ಬದುಕಿದ್ದರು. 1966ರ ಏಪ್ರಿಲ್ 25ರಂದು ಸರ್ಗೋಧಾದಲ್ಲಿ ತೀರಿಕೊಂಡರು. ಫಿಡೆ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಬಿರುದನ್ನು ಮರಣೋತ್ತರವಾಗಿ ಕೊಟ್ಟದ್ದು 2024ರ ಫೆಬ್ರವರಿಯಲ್ಲಿ. ಹೇಸ್ಟಿಂಗ್ಸ್‌ನ ಐದನೆಯ ನಡೆಯ ಸ್ಥಿತಿ ಇಂದಿಗೂ ಆರಂಭಕೋಶಗಳಲ್ಲಿ ಪೆಟ್ರೋಸಿಯನ್ ಹೆಸರಿನಲ್ಲಿದೆ.